ಗೆದ್ದ ಮೇಲೇ ಮಲಗ್ತೀನಿ ಅನ್ನುವ ಹುಡುಗರು

ದಾವಣಗೆರೆಯಲ್ಲಿ ಆಪ್ತಸಲಹೆಗೆ ಬರುವ ಕಾಲೇಜು ಹುಡುಗರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: "ಸೋತು ಮಲಗೋಕೆ ಆಗಲ್ಲ ಮೇಡಂ, ಒಂದಾದ್ರೂ ಗೆದ್ದು ಮಲಗ್ತೀನಿ." ಆಡುವ ಆಟ ಬೇರೆ ಬೇರೆ, ಮಾತು ಇದೇ. ಅದಕ್ಕಾಗಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹುಡುಗನನ್ನು ಕಿರಣ ಎಂದು ಕರೆಯೋಣ. ಮನೆ, ಕಾಲೇಜಿನ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಆಟದ ವಿವರವನ್ನು ಮಾತ್ರ ಇದ್ದಂತೆಯೇ ಕೊಟ್ಟಿದ್ದೇನೆ, ಕೊಟ್ಟ ಸಲಹೆಯೆಲ್ಲ ಅದರಲ್ಲೇ ಇದೆ.

ಇಂಜಿನಿಯರಿಂಗ್ ಎರಡನೇ ವರ್ಷ. ರಾತ್ರಿ ಎರಡು ಗಂಟೆವರೆಗೆ ಟೆಕ್ಕನ್ 8 ಎಂಬ, ಇಬ್ಬರು ಹೊಡೆದಾಡುವ ವಿಡಿಯೋ ಗೇಮ್, ಬೆಳಗಿನ ಕ್ಲಾಸಿಗೆ ಚಕ್ಕರ್. ಸಿಟ್ಟಿನಲ್ಲಿ ಗೋಡೆಗೆ ಎಸೆದು ಒಂದು ಕಂಟ್ರೋಲರ್ ಒಡೆದಿದ್ದ. ಒಂದು ರಾತ್ರಿ ಅಪ್ಪ ಎದ್ದು ಬಂದು ರೂಟರಿನ ವೈರು ಕಿತ್ತರು. ಆಮೇಲೆ ಇಬ್ಬರಿಗೂ ಮಾತಿಲ್ಲ. "ಇವನ ಗೇಮ್ ಚಟ ಬಿಡಿಸ್ರಿ ಮೇಡಂ" ಎಂದು ಅಪ್ಪನೇ ಕರೆತಂದರು.

ಚಟ ಹೌದೋ ಅಲ್ಲವೋ ಎಂದು ಮೊದಲು ನೋಡಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ವರ್ಗೀಕರಣ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಡಿಸಾರ್ಡರ್‌ಗೆ ಮೂರು ಲಕ್ಷಣ ಹೇಳಿದ್ದಾರೆ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗುವುದು, ಹಾನಿಯಾಗುತ್ತಿದೆ ಎಂದು ಕಂಡರೂ ಮುಂದುವರಿಯುವುದು. ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಂಡಿರಬೇಕು, ಬದುಕು ಗಣನೀಯವಾಗಿ ಕೆಟ್ಟಿರಬೇಕು. ಕಿರಣ ಪರೀಕ್ಷೆ ಹತ್ತಿರ ಬಂದಾಗ ತಾನೇ ಆಟ ನಿಲ್ಲಿಸಿದ್ದ, ಗೆಳೆಯರ ಜೊತೆ ಭಾನುವಾರದ ಕ್ರಿಕೆಟ್ ಬಿಟ್ಟಿರಲಿಲ್ಲ. ಕೆಟ್ಟಿದ್ದದ್ದು ನಿದ್ದೆ. ಅದನ್ನು ಕೆಡಿಸಿದ್ದು ಅವನೇ ಹಾಕಿಕೊಂಡಿದ್ದ ಆ ನಿಯಮ, ಗೆದ್ದೇ ಮಲಗಬೇಕು ಎನ್ನುವುದು.

ಆ ನಿಯಮದ ಲೆಕ್ಕವನ್ನು ಅವನ ಮುಂದೆಯೇ ಹಾಕಿದೆವು. ರ‍್ಯಾಂಕ್ ಪಂದ್ಯದಲ್ಲಿ, ಅಂದರೆ ಆನ್‌ಲೈನಿನಲ್ಲಿ ಗೆದ್ದು ಸೋತಂತೆ ನಿನ್ನ ದರ್ಜೆ ಏರಿಳಿಯುವ ಪಂದ್ಯದಲ್ಲಿ, ಆಟ ನಿನ್ನ ಮಟ್ಟದವರನ್ನೇ ಹುಡುಕಿ ಎದುರಿಗೆ ಕೂರಿಸುತ್ತದೆ. ಹಾಗಾಗಿ ಕೈ ಚೆನ್ನಾಗಿದ್ದ ದಿನವೂ ಹೆಚ್ಚುಕಡಿಮೆ ಅರ್ಧ ಪಂದ್ಯ ಸೋಲುವುದೇ. ನಿದ್ದೆಗೆಟ್ಟು ಕಣ್ಣು ಉರಿಯುವಾಗ ಅರ್ಧಕ್ಕಿಂತ ಹೆಚ್ಚು ಸೋಲುತ್ತೀಯ. ಅಂದರೆ ಬೇಗ ಮಲಗಬೇಕಾದ ರಾತ್ರಿಯೇ ಈ ನಿಯಮ ನಿನ್ನನ್ನು ಹೆಚ್ಚು ಹೊತ್ತು ಕೂರಿಸುತ್ತದೆ. ನೀನು ಯಾವಾಗ ಮಲಗಬೇಕು ಎಂದು ತೀರ್ಮಾನಿಸುವವನು ಮುಖ ಕಾಣದ ಇನ್ಯಾರೋ. ಇಷ್ಟು ಹೇಳಿದರೆ ಹುಡುಗರು ತಲೆಯಾಡಿಸುತ್ತಾರೆ. ಆದರೆ ಕೇಳಿದ ರಾತ್ರಿಯೇ ಮತ್ತೆ ಎರಡು ಗಂಟೆ. ಲೆಕ್ಕ ಅರ್ಥವಾದ ಮಾತ್ರಕ್ಕೆ ಕೈ ನಿಲ್ಲುವುದಿಲ್ಲ.

ತಿರುವು ಬಂದದ್ದು ಮುಂದಿನ ಭೇಟಿಯಲ್ಲಿ. ಲ್ಯಾಪ್‌ಟಾಪ್ ತಂದು ಸೋತ ಪಂದ್ಯವೊಂದರ ರಿಪ್ಲೇ ತೋರಿಸು ಎಂದು ಕೇಳಿದ್ದೆ. ಎದುರಾಳಿ ಆಡಿದ್ದು ಕಿಂಗ್, ಜಾಗ್ವಾರ್ ಮುಖವಾಡ ಹಾಕಿದ ಕುಸ್ತಿಪಟು. ಕಿರಣನ ಪಾತ್ರ ಕಜುಯಾ. "ಬರೀ ಥ್ರೋ ಮಾಡ್ತಾನೆ ಮೇಡಂ, ಚೀಪ್ ಆಟ" ಎಂದ. ಥ್ರೋ ಅಂದರೆ ಎದುರಾಳಿಯನ್ನು ಹಿಡಿದು ಕೆಡವುವ ಪಟ್ಟು, ಸರಿಯಾದ ಗುಂಡಿ ಒತ್ತಿದರೆ ಬಿಡಿಸಿಕೊಳ್ಳಬಹುದು. ತನ್ನ ರಿಪ್ಲೇಯನ್ನು ಕಿರಣ ಅದುವರೆಗೆ ಒಮ್ಮೆಯೂ ಕೂತು ನೋಡಿರಲಿಲ್ಲ. ಒಂದು ಹಾಳೆಯಲ್ಲಿ ನಾಲ್ಕು ಕಂಬ ಎಳೆದೆವು. ಥ್ರೋಗೆ ಸಿಕ್ಕಿದ್ದು, ಕೆಳ ಏಟು ತಿಂದದ್ದು, ತಡೆದರೂ ತಿರುಗಿ ಹೊಡೆಯದೆ ಬಿಟ್ಟದ್ದು, ತನ್ನ ಸರದಿ ಅಲ್ಲದಾಗ ಗುಂಡಿ ಒತ್ತಿ ತಿಂದದ್ದು. ಲೈಫ್ ಬಾರ್ ಇಳಿದಾಗಲೆಲ್ಲ ನಿಲ್ಲಿಸಿ ಒಂದು ಗೀಟು. ಮೊದಲ ಕಂಬವೂ ಕೊನೆಯ ಕಂಬವೂ ತುಂಬುತ್ತ ಹೋದವು.

ಅಪ್ಪ ಮೂಲೆಯ ಕುರ್ಚಿಯಲ್ಲಿ ಮುಖ ತಿರುಗಿಸಿ ಕೂತಿದ್ದರು. ಚಿಕ್ಕಂದಿನಲ್ಲಿ ಗರಡಿಯಲ್ಲಿ ಮಣ್ಣು ಹೊತ್ತವರು, ದುಗ್ಗಮ್ಮನ ಜಾತ್ರೆಯ ಕುಸ್ತಿ ತಪ್ಪಿಸದವರು. ಮೂರನೇ ರೌಂಡಿನ ಹೊತ್ತಿಗೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಅವ್ನು ಹಿಡಿಯಾಕೆ ಬರ್ತಾನೆ ಅಂತ ನನಗೇ ಗೊತ್ತಾಗ್ತೈತಲ್ಲೋ, ನೀನ್ಯಾಕೆ ಅಲ್ಲೇ ನಿಂತೀಯ?"

"ಬಗ್ಗಿದ್ರೆ ನಡು ಏಟು ಹೊಡೀತಾನಪ್ಪ."

"ಹಂಗಾರೆ ಕೈ ನೋಡು. ಪಟ್ಟು ಹಾಕೋನ ಕೈ ಮೊದ್ಲು ಮುಂದೆ ಬರುತ್ತೆ. ನೀ ಮುಖ ನೋಡಿಕೊಂಡು ನಿಂತಿದೀಯ."

ಕಿರಣ ಅಪ್ಪನ ಕಡೆ ನೋಡಿದ. ರಿಪ್ಲೇಯನ್ನು ಹಿಂದಕ್ಕೆ ಎಳೆದು, ನಿಧಾನ ಮಾಡಿ ಮತ್ತೆ ಹಾಕಿದ. ಎಡತೋಳು ಮುಂದೆ ಬಂತು. ಇನ್ನೊಂದು ಕಡೆ ಬಲತೋಳು. ಮತ್ತೊಂದು ಕಡೆ ಎರಡೂ. "ಇದು ನನಗೆ ಗೊತ್ತಿತ್ತು ಮೇಡಂ, ಎಲ್ಲೋ ಓದಿದ್ದೆ" ಎಂದ, ಸ್ವಲ್ಪ ಹೊತ್ತು ಬಿಟ್ಟು. "ಪ್ರಾಕ್ಟೀಸ್ ಮಾಡಿರಲಿಲ್ಲ."

ಎಲ್ಲೋ ಓದಿರುತ್ತಾರೆ, ಮಾಡಿರುವುದಿಲ್ಲ. ಈ ಹುಡುಗರಿಗೆ ಟೆಕ್ಕನ್ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುತ್ತದೆ ಎಂದು ಗೊತ್ತು, ನೇರ ಜ್ಯಾಬ್ (ಚುರುಕು ಗುದ್ದು) 10 ಫ್ರೇಮಿಗೆ ಬರುತ್ತದೆ ಎಂದೂ ಗೊತ್ತು. ಕಜುಯಾನ ಎಲೆಕ್ಟ್ರಿಕ್ ಎಂಬ ಗುದ್ದಿಗೆ ಮುಂದೆ, ಬಿಡು, ಕೆಳಗೆ, ಕೆಳಗೆ-ಮುಂದೆ, ಆ ಕೊನೆಯ ಫ್ರೇಮಿನಲ್ಲೇ ಬಲಗೈ ಗುದ್ದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಪ್ರಾಕ್ಟೀಸ್ ಮೋಡಿನಲ್ಲಿ ಕಳೆದ ಹೊತ್ತೆಲ್ಲ ಕಾಂಬೊಗೆ, ಅಂದರೆ ಸಾಲು ಏಟುಗಳಿಗೆ, ಹೋಗಿರುತ್ತದೆ. ಅಲ್ಲಿ ಬೊಂಬೆ ತಿರುಗಿ ಹೊಡೆಯುವುದಿಲ್ಲ, ಹೊಡೆದಂತೆಲ್ಲ ಖುಷಿ. ಪಂದ್ಯ ಸೋಲುವುದು ಮಾತ್ರ ತಡೆಯಲು ಬಾರದೆ.

ಹಾಗಾಗಿ ಕೊಟ್ಟ ಅಭ್ಯಾಸ ಥ್ರೋ ಬಿಡಿಸುವುದೊಂದೇ. ಬೇರೇನನ್ನೂ ಸೇರಿಸಲಿಲ್ಲ. ಪ್ರಾಕ್ಟೀಸ್ ಮೋಡಿನಲ್ಲಿ ಕಿಂಗ್‌ನನ್ನು ಎದುರಿಗೆ ನಿಲ್ಲಿಸಿ, ಎಡಗೈ ಗುಂಡಿಯಿಂದ ಬಿಡಿಸಿಕೊಳ್ಳುವ ಥ್ರೋ ಒಂದು, ಬಲಗೈ ಗುಂಡಿಯದು ಒಂದು ರೆಕಾರ್ಡ್ ಮಾಡಿ, ಯಾವುದು ಬರುತ್ತದೆ ಎಂದು ಗೊತ್ತಾಗದಂತೆ ಕಲಸಿ ಬಿಡಬೇಕು. ಸಾಮಾನ್ಯ ಥ್ರೋಗಳನ್ನು ಎರಡರಲ್ಲಿ ಯಾವ ಗುಂಡಿ ಒತ್ತಿದರೂ ಬಿಡಿಸಬಹುದು, ಅವನ್ನು ಇಟ್ಟುಕೊಂಡರೆ ಕಣ್ಣು ಕಲಿಯುವುದಿಲ್ಲ. ಬಿಡಿಸಲು ಒಂದೊಂದಕ್ಕೂ ಅದರದೇ ಗುಂಡಿ ಬೇಕಾಗುವ ಕಮಾಂಡ್ ಥ್ರೋಗಳೇ ಬೇಕು. ಮೊದಲ ಕೆಲವು ದಿನ ಗುಂಡಿ ಮುಟ್ಟದೆ ಬಾಯಲ್ಲಿ ಹೇಳಬೇಕು: ಎಡ, ಬಲ, ಬಲ, ಎಡ. ತಪ್ಪಿಲ್ಲದೆ ಹೇಳಲು ಬಂದ ಮೇಲೆ ಒತ್ತುವುದು. ಅದು ಕೂತ ಮೇಲೆ ಎರಡೂ ಕೈಯಿಂದ ಹಿಡಿಯುವ ಥ್ರೋವನ್ನು ಸೇರಿಸಿ, ಎರಡೂ ಗುಂಡಿ ಒಟ್ಟಿಗೆ. ಆಮೇಲೆ ಎದುರಾಳಿಯ ಬದಿಗೆ ಹೋಗಿ ಮತ್ತೆ ಅದೇ, ಏಕೆಂದರೆ ಎಡಬಲ ಅದಲುಬದಲಾದಾಗ ಕಣ್ಣು ಮೊದಲಿನಿಂದ ತಡವರಿಸುತ್ತದೆ. ಕೊನೆಗೆ ನಡು ಏಟೊಂದನ್ನೂ ಸೇರಿಸಬೇಕು. ಇದನ್ನು ಸೇರಿಸದಿದ್ದರೆ ಏನಾಗುತ್ತದೆ ಎಂದರೆ, ಥ್ರೋ ಬಂದೇ ಬರುತ್ತದೆ ಎಂದು ಕಾಯುವ ಕೈ ಪಂದ್ಯದಲ್ಲಿ ಸುಮ್ಮಸುಮ್ಮನೆ ಗುದ್ದು ಒತ್ತಿ ಏಟು ತಿನ್ನುತ್ತದೆ. ದಿನಕ್ಕೆ ಹದಿನೈದು ನಿಮಿಷ, ಪಂದ್ಯಕ್ಕೆ ಮುಂಚೆ.

ಕೊನೆಯ ಕಂಬದ್ದು, ಅಂದರೆ ತನ್ನ ಸರದಿ ಅಲ್ಲದಾಗ ಗುಂಡಿ ಒತ್ತುವುದು, ಬರೀ ಅಂಕಗಣಿತ. ನಿನ್ನ ಏಟನ್ನು ಅವನು ತಡೆದು, ನೀನು 8 ಫ್ರೇಮ್ ಹಿಂದೆ ಬಿದ್ದೆ ಎಂದಿಟ್ಟುಕೊ. ಆಗ ನಿನ್ನ 10 ಫ್ರೇಮಿನ ಜ್ಯಾಬ್ ತಲುಪಲು 18 ಬೇಕು, ಅವನದಕ್ಕೆ 10 ಸಾಕು. ಅಲ್ಲಿ ಒತ್ತಿದರೆ ತಿನ್ನುವುದೇ. 10 ಅಥವಾ ಅದಕ್ಕಿಂತ ಹೆಚ್ಚು ಹಿಂದೆ ಬಿದ್ದರೆ, ಅವನ ಕೈಗೆ ನೀನು ಸಿಗುವಷ್ಟು ಹತ್ತಿರವಿದ್ದರೆ, ಅವನಿಗೆ ಖಚಿತವಾದ ಏಟು. ಪ್ಯಾಚ್ (ಆಟದ ಅಪ್‌ಡೇಟ್) ಬಂದಂತೆ ಅಂಕಿ ಬದಲಾಗುತ್ತವೆ, ಆದ್ದರಿಂದ ಹಳೆಯ ಪಟ್ಟಿ ಬಾಯಿಪಾಠ ಮಾಡದೆ ಪ್ರಾಕ್ಟೀಸ್ ಮೋಡಿನಲ್ಲಿ ಪರದೆಯ ಮೇಲೆ ಕಾಣುವ ಫ್ರೇಮ್ ಅಂಕಿಯನ್ನೇ ನೋಡಬೇಕು. ಕೆಳ ಏಟಿನ ಮಾತೂ ಹೀಗೇ. ಕಣ್ಣಿಗೆ ಕಂಡು ಕೈ ಆಡಲು ಮನುಷ್ಯನಿಗೆ ಸುಮಾರು 12ರಿಂದ 15 ಫ್ರೇಮ್ ಬೇಕು. ಕಜುಯಾನ ಹೆಲ್‌ಸ್ವೀಪಿನಂಥ ಚುರುಕು ಏಟನ್ನು ನೋಡಿ ತಡೆಯಲಾಗದು, ಊಹಿಸಬೇಕು. ಬ್ರಯಾನ್ ಎಂಬ ಪಾತ್ರದ ಸ್ನೇಕ್ ಎಡ್ಜ್ ನಿಧಾನದ ಕೆಳ ಏಟು, ಅದನ್ನು ನೋಡಿಯೇ ತಡೆಯಬಹುದು. ನೋಡಿ ತಡೆಯಬಹುದಾದದ್ದನ್ನು ಬಿಟ್ಟು, ತಡೆಯಲಾಗದ್ದಕ್ಕೆ ತನ್ನ ಮೇಲೆ ತಾನೇ ಸಿಟ್ಟಾಗುವುದು ಈ ಹುಡುಗರಲ್ಲಿ ಬಹಳ.

ರಾತ್ರಿಯ ನಿಯಮವನ್ನೂ ಬದಲಿಸಿದೆವು. ದಿನದ ಕೊನೆಯ ಆಟ ರ‍್ಯಾಂಕ್ ಪಂದ್ಯ ಆಗಬಾರದು. ಎರಡು ಪಂದ್ಯ ಸಾಲಾಗಿ ಸೋತರೆ ಅಥವಾ ಹತ್ತೂವರೆಯಾದರೆ, ಯಾವುದು ಮೊದಲೋ ಅದಕ್ಕೆ ರ‍್ಯಾಂಕ್ ಮುಗಿಯಿತು. ಆಮೇಲೆ ಸೋತ ಪಂದ್ಯದಲ್ಲಿ ಒಂದನ್ನು ತೆಗೆದು, ಎಲ್ಲಿ ಮೊದಲು ಕೆಟ್ಟಿತೋ ಅಲ್ಲಿಗೆ ಹೋಗಿ, ಟೆಕ್ಕನ್ 8ರ ರಿಪ್ಲೇಯಲ್ಲಿ ಆ ಕ್ಷಣದಿಂದ ಕೈಗೆ ತೆಗೆದುಕೊಂಡು ಆಡುವ ಸೌಲಭ್ಯವಿದೆ, ಅದರಲ್ಲಿ ಅದೊಂದನ್ನು ಸರಿಯಾಗಿ ಮಾಡಿ, ನೋಟುಬುಕ್ಕಿನಲ್ಲಿ ಒಂದು ಸಾಲು ಬರೆದು ಎದ್ದುಬಿಡುವುದು. ದಿನದ ಕೊನೆಯ ಕೆಲಸ ಹೀಗೆ ಗೆಲುವು ಸೋಲಿಗೆ ಸಿಕ್ಕದ್ದಾಗುತ್ತದೆ. ಗುರಿಯೂ ರ‍್ಯಾಂಕ್ ಅಲ್ಲ, "ಇವತ್ತು ಮೂರು ಥ್ರೋ ಬಿಡಿಸ್ತೀನಿ" ಎನ್ನುವಂಥದ್ದು. ಸೋತರೂ ಅದು ಈಡೇರಬಹುದು. ಸೋತಾಗಲೆಲ್ಲ ಪಾತ್ರ ಬದಲಿಸುವುದನ್ನೂ ನಿಲ್ಲಿಸಲು ಹೇಳಿದೆ, ಆರು ತಿಂಗಳು ಕಜುಯಾನೇ.

ಅಪ್ಪನಿಗೂ ಎರಡು ಮಾತು ಹೇಳಬೇಕಾಯಿತು. ಪಂದ್ಯದ ನಡುವೆ ವೈರು ಕೀಳಬೇಡಿ, ಅದು ಎದುರಿನವನಿಗೂ ಅನ್ಯಾಯ. ಮುಗಿಯಲಿ ಅಂತ ಐದು ನಿಮಿಷ ಕಾಯಿರಿ, ಅಷ್ಟರಲ್ಲಿ ಮುಗಿಯುತ್ತದೆ. ಇನ್ನೊಂದು, ವೈಫೈ ಆಗಾಗ ತಡವರಿಸಿದರೆ ಬಿಡಿಸುವ ಗುಂಡಿ ಸರಿಯಾಗಿ ಒತ್ತಿದರೂ ತಡವಾಗಿ ತಲುಪಬಹುದು. ರೂಟರಿನಿಂದ ಹುಡುಗನ ರೂಮಿಗೆ ಒಂದು ಲ್ಯಾನ್ ಕೇಬಲ್ ಎಳೆಸಿಕೊಡಿ.

"ನೀವು ಗೇಮ್ ಆಡೋದನ್ನ ಕಲಿಸ್ತೀರಾ?" ಎಂದು ಕೇಳುವವರಿದ್ದಾರೆ, ನಮ್ಮ ವೃತ್ತಿಯವರೂ ಕೇಳುತ್ತಾರೆ. ಹೌದು, ಕಲಿಯುವ ಕ್ರಮ ಹೇಳಿಕೊಡುತ್ತೇನೆ. ನಿಷೇಧಿಸಿದರೆ ಅವನು ಗೆಳೆಯನ ಪಿಜಿಯಲ್ಲಿ ಆಡುತ್ತಾನೆ, ರಾತ್ರಿ ಎರಡಾಗುವುದು ಮೂರಾಗುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ. ಇಪ್ಪತ್ತರ ಹುಡುಗ ಒಂದು ವಿದ್ಯೆಯನ್ನು ಇಷ್ಟು ಪ್ರೀತಿಯಿಂದ ಹಿಡಿದಿರುವಾಗ ಅದನ್ನು ಕೀಳೆಂದು ಕಡೆಗಣಿಸಿ ಅವನನ್ನು ಮಾತಾಡಿಸಲಾಗದು. ಕಿರಣ ಮೊದಲ ದಿನವೇ ಲಾಹೋರಿನ ಅರ್ಸಲಾನ್ ಆ್ಯಶ್ ಹೆಸರು ಹೇಳಿದ್ದ. 2019ರಲ್ಲಿ ಹೊಡೆದಾಟದ ಗೇಮ್‌ಗಳ ದೊಡ್ಡ ಪಂದ್ಯಾವಳಿಗಳಾದ ಜಪಾನಿನ ಇವೊ, ಲಾಸ್ ವೇಗಸ್‌ನ ಇವೊ ಎರಡನ್ನೂ ಟೆಕ್ಕನ್ 7ರಲ್ಲಿ ಗೆದ್ದ ಆಟಗಾರ. ಅವನಂತಾಗುವ ಕಿರಣನ ಕನಸನ್ನು ಒಡೆಯುವ ಅಗತ್ಯ ಕಾಣಲಿಲ್ಲ. ಬದಲಿಗೆ ಆ ಗೆಲುವಿನ ಹಿಂದೆ ಪಕ್ಕದಲ್ಲೇ ಕೂತು ಆಡುವ ಊರಿನ ಬಲವಾದ ಆಟಗಾರರ ಗುಂಪು ಇತ್ತು ಎನ್ನುವುದನ್ನು ತೋರಿಸಿದೆ. ಆನ್‌ಲೈನಿನಲ್ಲಿ ಎದುರಾಳಿ ಎರಡು ಮೂರು ಪಂದ್ಯಕ್ಕೆ ಎದ್ದು ಹೋಗುತ್ತಾನೆ, ಅವನಿಂದ ಕಲಿಯುವಷ್ಟರಲ್ಲಿ ಇನ್ನೊಬ್ಬ. ಭಾನುವಾರ ಕ್ರಿಕೆಟ್ ಮುಗಿದ ಮೇಲೆ ಒಬ್ಬ ಗೆಳೆಯನ ಜೊತೆ ಒಂದೇ ಜೋಡಿ ಪಾತ್ರ ಇಟ್ಟುಕೊಂಡು, ಹತ್ತು ಗೆಲುವಿನವರೆಗೆ ಆಡಿ, ನಡುನಡುವೆ ನಿಲ್ಲಿಸಿ "ಇದನ್ನ ಹೆಂಗೆ ಹೊಡೆದೆ?" ಎಂದು ಕೇಳುವುದು ವಾರದ ರ‍್ಯಾಂಕಿಗಿಂತ ಹೆಚ್ಚು ಕಲಿಸುತ್ತದೆ.

ಎಲ್ಲರಿಗೂ ಇದೇ ಸಲಹೆ ಕೊಡುವುದಿಲ್ಲ. ಹಣ ಕಟ್ಟಿ ಆಡುವವರು, ಪರೀಕ್ಷೆಯನ್ನೇ ಬಿಟ್ಟವರು, ತಡೆದವರ ಮೇಲೆ ಕೈ ಮಾಡುವವರು, ಬದುಕು ಬೇಡ ಎಂದು ಮಾತಾಡುವವರು ಬಂದರೆ ರಿಪ್ಲೇ ನೋಡುತ್ತ ಕೂರುವ ಹೊತ್ತಲ್ಲ ಅದು. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬೇಕು. ರಾತ್ರಿ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ತಂತ್ರಜ್ಞಾನದ ಅತಿಬಳಕೆಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ.

ಕಿರಣನ ರ‍್ಯಾಂಕ್ ಮೊದಲ ತಿಂಗಳು ಇಳಿಯಿತು. ಹೊಸ ಅಭ್ಯಾಸ ಪಂದ್ಯಕ್ಕೆ ಬರುವಾಗ ಹೀಗಾಗುತ್ತದೆ, ಕೈ ಯೋಚಿಸಿಕೊಂಡು ಆಡುವಾಗ ತಡವಾಗುತ್ತದೆ. ಇದನ್ನು ಮುಂಚೆಯೇ ಹೇಳಿಟ್ಟಿದ್ದರಿಂದ ಅವನು ಬಿಡಲಿಲ್ಲ. ಆಮೇಲೆ ಹಳೆಯ ಜಾಗಕ್ಕೆ ಬಂದು ಒಂದು ಮೆಟ್ಟಿಲು ಮೇಲೇರಿದೆ, ಅಷ್ಟೇ. ವಾರದಲ್ಲಿ ಒಂದೆರಡು ರಾತ್ರಿ ಹತ್ತೂವರೆ ಇನ್ನೂ ಹನ್ನೆರಡಾಗುತ್ತದೆ. ಮೊದಲ ಅವಧಿಯ ಕ್ಲಾಸ್ ಈಗಲೂ ಕೆಲವೊಮ್ಮೆ ತಪ್ಪುತ್ತದೆ, ಅದರ ಮೇಲೆ ಕೆಲಸ ನಡೆದಿದೆ. ನೋಟುಬುಕ್ಕಿನ ಸಾಲುಗಳಲ್ಲಿ ಈಚೆಗೆ ಥ್ರೋ ಎನ್ನುವ ಪದ ಕಡಿಮೆಯಾಗಿದೆ. ಹೆಚ್ಚು ಕಾಣುತ್ತಿರುವುದು ಕೆಳ ಏಟು. ಮುಂದಿನ ತಿಂಗಳ ಹದಿನೈದು ನಿಮಿಷ ಅದಕ್ಕೆ ಎಂದು ಅವನೇ ಬರೆದುಕೊಂಡಿದ್ದಾನೆ.