ನಿಮ್ಮ ಇರುವೆ ಉಸಿರಾಡುವುದು ಹೇಗೆ?

ನಮಸ್ಕಾರ,

ನಿಮ್ಮ ಕತೆಯನ್ನು ಎರಡು ಸಲ ಓದಿದೆ. ಮೂವರು ಗಗನಯಾನಿಗಳು ಹೊಸ ಗ್ರಹದಲ್ಲಿ ಇಳಿಯುತ್ತಾರೆ. ಮೂರು ಮೀಟರ್ ಉದ್ದದ ಇರುವೆಗಳು ಮುತ್ತಿಕೊಳ್ಳುತ್ತವೆ. ನಾಯಕಿ ಗುಂಡು ಹಾರಿಸಿ ಎಲ್ಲರನ್ನೂ ಉಳಿಸುತ್ತಾಳೆ. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೂ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ರಾಕೆಟ್ಟಿನ ಬಗ್ಗೆ ತುಂಬಾ ತಲೆ ಕೆಡಿಸಿಕೊಂಡಿದ್ದೀರಿ. ಇಂಧನ ಎಷ್ಟು, ವೇಗ ಎಷ್ಟು, ಎಲ್ಲದಕ್ಕೂ ಲೆಕ್ಕ ಇದೆ. ಇರುವೆಯನ್ನು ಮಾತ್ರ ಸುಮ್ನೆ ದೊಡ್ಡದು ಮಾಡಿಬಿಟ್ಟಿದ್ದೀರಿ. ಅದನ್ನು ತೆಗೆದು ಅಲ್ಲಿ ಹುಲಿ ಇಟ್ಟರೂ ಕತೆ ಹಾಗೇ ನಡೆಯುತ್ತದೆ, ಅಲ್ವಾ? ನನ್ನ ತಕರಾರು ಇರುವುದೇ ಇಲ್ಲಿ. ಜೀವಶಾಸ್ತ್ರ ನಿಮ್ಮ ಕತೆಯಲ್ಲಿ ಬರೀ ವೇಷ ಹಾಕಿಕೊಂಡು ನಿಂತಿದೆ, ಕೆಲಸ ಮಾಡುತ್ತಿಲ್ಲ.

ಇರುವೆಗೂ ಒಂದು ಲೆಕ್ಕ ಹಾಕಿ ನೋಡೋಣ. 1 ಸೆಂ.ಮೀ. ಇರುವೆ 3 ಮೀಟರ್ ಆದರೆ ಉದ್ದ 300 ಪಟ್ಟು. ಕಾಲನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಜಾಗ 90,000 ಪಟ್ಟು. ತೂಕ 2.7 ಕೋಟಿ ಪಟ್ಟು! ಅಂದರೆ ಕಾಲಿನ ಒಂದೊಂದು ಚೂರು ಜಾಗವೂ ಮೊದಲಿಗಿಂತ 300 ಪಟ್ಟು ಭಾರ ಹೊರಬೇಕು. ನಿಮ್ಮ ಇರುವೆ ದಾಳಿ ಮಾಡುವುದಿರಲಿ, ಎದ್ದು ನಿಲ್ಲುವುದೇ ಕಷ್ಟ.

ಇನ್ನು ಉಸಿರು. ಇರುವೆಗೆ ನಮ್ಮಂತೆ ಶ್ವಾಸಕೋಶ ಇಲ್ಲ. ಮೈಯ ಎರಡೂ ಬದಿಯ ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗಿ, ಕವಲೊಡೆದ ಕೊಳವೆಗಳಲ್ಲಿ ಜೀವಕೋಶಗಳ ತನಕ ಹರಡುತ್ತದೆ. ಮೈ ದೊಡ್ಡದಾದಷ್ಟೂ ಗಾಳಿ ಒಳಗೆ ಮುಟ್ಟುವುದು ಕಷ್ಟ. ಸುಮಾರು 30 ಕೋಟಿ ವರ್ಷಗಳ ಹಿಂದೆ, ರೆಕ್ಕೆ ಬಿಚ್ಚಿದರೆ 65 ಸೆಂ.ಮೀ. ಅಗಲವಿದ್ದ ಏರೋಪ್ಲೇನ್ ಚಿಟ್ಟೆಯಂಥ ಕೀಟಗಳು ಹಾರಾಡುತ್ತಿದ್ದವು. ಆಗ ಗಾಳಿಯಲ್ಲಿ ಆಮ್ಲಜನಕ ಈಗಿನ ಶೇ. 21ಕ್ಕಿಂತ ಜಾಸ್ತಿ ಇತ್ತು, ಅಷ್ಟು ಬೆಳೆಯಲು ಅದೇ ಕಾರಣ ಎನ್ನುವುದು ಹಲವು ವಿಜ್ಞಾನಿಗಳ ವಾದ.

ಹಾಗಾದರೆ ಇರುವೆಯನ್ನು ಮೊಣಕೈ ಉದ್ದಕ್ಕೆ ಇಳಿಸಿ, ಗ್ರಹಕ್ಕೆ ಆಮ್ಲಜನಕ ಜಾಸ್ತಿ ಕೊಡಿ. ಅಂಥ ಗಾಳಿಯಲ್ಲಿ ಹಸಿ ಗಿಡವೂ ಬೇಗ ಹೊತ್ತಿಕೊಳ್ಳುತ್ತದೆ. ಈಗ ನಿಮ್ಮ ನಾಯಕಿ ಬಂದೂಕು ಹಿಡಿದು ನಿಂತಿದ್ದಾಳೆ. ಒಂದು ಕಿಡಿ ಸಾಕು, ಕಾಡಿಗೆ ಕಾಡೇ ಉರಿದುಹೋಗುತ್ತದೆ. ಇರುವೆಯನ್ನು ಬೆಳೆಸಿದ ಗಾಳಿಯೇ ಅವಳ ಕೈ ಕಟ್ಟಿಹಾಕಿದೆ. ಅವಳೇನು ಮಾಡುತ್ತಾಳೆ ಅಂತ ನನಗೆ ನಿಜವಾಗಿಯೂ ಕುತೂಹಲ ಹುಟ್ಟುವುದು ಆಗ.

ಇನ್ನೊಂದು ಮಾತು. ಆರನೇ ಪುಟದಲ್ಲಿ, "ಸತ್ತ ಇರುವೆಯ ಕತ್ತಿನ ಮೇಲೆ ಬಿಳಿ ಬೂಷ್ಟು ಬೆಳೆದಿತ್ತು" ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಇಡೀ ಕತೆಯಲ್ಲಿ ನನಗೆ ಇಷ್ಟವಾದ ಸಾಲು ಅದು. ನಮ್ಮ ಭೂಮಿಯಲ್ಲೇ, ಬೂಷ್ಟಿನ ಬಳಗಕ್ಕೇ ಸೇರಿದ ಓಫಿಯೋಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಇದೆ. ಅದು ಹೊಕ್ಕ ಇರುವೆ ಗೂಡು ಬಿಟ್ಟು ಹೊರಡುತ್ತದೆ, ಗಿಡ ಹತ್ತುತ್ತದೆ, ಎಲೆಯ ಅಡಿಯ ನರವನ್ನು ಕಚ್ಚಿ ಹಿಡಿದು ಅಲ್ಲೇ ಸಾಯುತ್ತದೆ. ಆಮೇಲೆ ಅದರ ತಲೆಯ ಹಿಂಬದಿಯಿಂದ ಶಿಲೀಂಧ್ರದ ಕಾಂಡ ಹೊರಡುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಂಡದ್ದು ಇನ್ನೂ ವಿಚಿತ್ರ. ಶಿಲೀಂಧ್ರ ಇರುವೆಯ ಸ್ನಾಯುಗಳ ಸುತ್ತ ಬಲೆಯಂತೆ ಹೆಣೆದುಕೊಂಡಿತ್ತು, ಮಿದುಳಿನ ಒಳಗೆ ಮಾತ್ರ ಇರಲಿಲ್ಲ. ಕಾಲು ಯಾರದೋ ಮಾತು ಕೇಳುತ್ತಿದೆ, ತಲೆ ಇನ್ನೂ ತನ್ನದೇ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಮ್ಮ ಮೂವರು ಗಗನಯಾನಿಗಳಲ್ಲಿ ಒಬ್ಬರಿಗೆ ಆ ಬೂಷ್ಟು ತಾಗಿದರೆ? ಹಾಗೆ ಬರೆಯುವುದಾದರೆ ಒಂದು ಎಚ್ಚರ: ಇರುವೆಗೆ ಹತ್ತುವ ಶಿಲೀಂಧ್ರ ಸುಲಭವಾಗಿ ಮನುಷ್ಯರಿಗೆ ಹತ್ತುವುದಿಲ್ಲ. ಅದು ಹೇಗೆ ದಾಟಿತು ಅನ್ನುವುದನ್ನು ನೀವು ದುಡಿದು ಕಂಡುಹಿಡಿಯಬೇಕು.

ರಾಕೆಟ್ಟಿನ ಮೊದಲ ನಾಲ್ಕು ಪುಟ ಧೈರ್ಯವಾಗಿ ತೆಗೆದುಹಾಕಿ. ಒಂದು ಇರುವೆ ಸಾಲು ಬಿಟ್ಟು ಒಂಟಿಯಾಗಿ ಗಿಡ ಹತ್ತುತ್ತಿರುವುದನ್ನು ನಾಯಕಿ ನೋಡುವಲ್ಲಿಂದ ಶುರು ಮಾಡಿ. ತಿದ್ದಿ ಮತ್ತೆ ಕಳಿಸಿ, ಕಾಯುತ್ತಿರುತ್ತೇನೆ.

ಸಂಪಾದಕ