ಆಂಬುಲೆನ್ಸ್ ಹೊರಡುವ ಮೊದಲು

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಉಲ್ಬಣಿಸಿದ ನನ್ನ ತಂದೆಯವರನ್ನು ಶಿರಸಿಯ ಆಸ್ಪತ್ರೆಯೊಂದರಿಂದ ಹುಬ್ಬಳ್ಳಿಗೆ ಕಳುಹಿಸಿದರು. ದಾರಿಯಲ್ಲೇ ಆಕ್ಸಿಜನ್ ತೀರುತ್ತ ಬಂತು. ತಲುಪಿದ ಮೇಲೆ ಐಸಿಯು ಹಾಸಿಗೆ ಖಾಲಿಯಿಲ್ಲವೆಂದರು; ಇನ್ನೊಂದು ಆಸ್ಪತ್ರೆಗೆ ಅಲೆದೆವು. ತಂದೆಯವರು ಈಗ ಗುಣವಾಗಿದ್ದಾರೆ. ಇಂಥ ಸಮಯದಲ್ಲಿ ಮನೆಯವರು ಏನನ್ನು ವಿಚಾರಿಸಿಕೊಳ್ಳಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಬರೆದಿರುವ ಎರಡೂ ತೊಂದರೆಗಳು ಕಾಣಿಸಿಕೊಂಡದ್ದು ಆಮೇಲೆ, ಹುಟ್ಟಿದ್ದು ಮಾತ್ರ ಶಿರಸಿಯಲ್ಲೇ, ಗಾಡಿ ಹೊರಡುವ ಮೊದಲೇ. ಬೈಗುಳ ಸಾಮಾನ್ಯವಾಗಿ ಚಾಲಕನಿಗೆ ಸಿಗುತ್ತದೆ.

ಮೊದಲು ಆಕ್ಸಿಜನ್ ಲೆಕ್ಕ. ಆಂಬುಲೆನ್ಸ್‌ಗಳಲ್ಲಿ ಹೆಚ್ಚಾಗಿ ಕಾಣುವ, ಬಿ ಟೈಪ್ ಎಂದು ಕರೆಯುವ ಸಿಲಿಂಡರ್ ಪೂರ್ತಿ ತುಂಬಿದ್ದಾಗ ಅದರಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕಾಗಿದ್ದರೆ ಅದು ಎರಡೂವರೆ ಗಂಟೆಗೆ ಮುಗಿಯುತ್ತದೆ. 15 ಲೀಟರ್ ಬೇಕಾದರೆ 100 ನಿಮಿಷಕ್ಕೇ ಬರಿದಾಗುತ್ತದೆ. ಗೇಜಿನ ಮುಳ್ಳು ಅರ್ಧಕ್ಕೆ ನಿಂತಿದ್ದರೆ ಈ ಅವಧಿಯೂ ಅರ್ಧವಾಗುತ್ತದೆ. ಸುಮಾರು 100 ಕಿಲೋಮೀಟರ್ ದಾರಿಗೆ, ಅದೂ ಮಳೆಗಾಲದಲ್ಲಿ, ಒಂದೇ ಸಿಲಿಂಡರನ್ನು ನಂಬಿ ಹೊರಡುವುದು ತಪ್ಪು. ಪ್ರಯಾಣಕ್ಕೆ ಬೇಕಾಗುವುದರ ಎರಡರಷ್ಟು ಆಕ್ಸಿಜನ್ ಇರಲಿ ಎಂಬುದು ನಾನು ಪಾಲಿಸುವ ನಿಯಮ. "ಎಷ್ಟು ಲೀಟರ್ ಕೊಡುತ್ತಿದ್ದೀರಿ, ಎಷ್ಟು ಹೊತ್ತಿಗೆ ಸಾಕು?" ಎಂದು ನೀವು ಸಂಕೋಚವಿಲ್ಲದೆ ಕೇಳಬಹುದು.

ಇನ್ನು ಹಾಸಿಗೆಯ ವಿಷಯ. ಮನೆಯವರು ಆಸ್ಪತ್ರೆಯ ಕೌಂಟರಿಗೆ ಫೋನ್ ಮಾಡಿ ಪಡೆದ ಭರವಸೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಕಳುಹಿಸುವ ವೈದ್ಯರು ಬರಮಾಡಿಕೊಳ್ಳುವ ವೈದ್ಯರೊಡನೆ ನೇರವಾಗಿ ಮಾತನಾಡಿ, ರೋಗಿಯ ಸ್ಥಿತಿ ತಿಳಿಸಿ, ಒಪ್ಪಿದವರ ಹೆಸರನ್ನೂ ಸಮಯವನ್ನೂ ರೆಫರಲ್ ಪತ್ರದಲ್ಲಿ ಬರೆಯಬೇಕು. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ತೀವ್ರ ಪೆಟ್ಟಾದ ಕಾರ್ಮಿಕರೊಬ್ಬರು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಅಲೆಯಬೇಕಾಗಿ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿ, ಅದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಹೇಳಿದ್ದಲ್ಲದೆ, ಹಾಸಿಗೆ ಎಲ್ಲಿದೆಯೆಂದು ತಿಳಿದು ರೋಗಿಯನ್ನು ಅಲ್ಲಿಗೇ ಕಳುಹಿಸಲು ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಇರಬೇಕೆಂದೂ ಸೂಚಿಸಿತು. ಅಷ್ಟು ವರ್ಷಗಳಾದ ಮೇಲೂ ನೀವು ಅಲೆದಿರಿ.

ರೆಫರಲ್ ಪತ್ರದಲ್ಲಿ ಕೊಟ್ಟ ಔಷಧಿಗಳು, ಕೊಟ್ಟ ಹೊತ್ತು, ಅಲರ್ಜಿ ಇವಿಷ್ಟಾದರೂ ಇರಲಿ. ಉಸಿರಾಟ ತೀರಾ ಕಷ್ಟವಾಗಿದ್ದರೆ ಶ್ವಾಸನಾಳಕ್ಕೆ ಕೊಳವೆ ಹಾಕುವ ತೀರ್ಮಾನವನ್ನು ಹೊರಡುವ ಮೊದಲೇ ಮಾಡಬೇಕು. ಅಲುಗಾಡುವ ಗಾಡಿಯಲ್ಲಿ ಆ ಕೆಲಸ ನುರಿತವರಿಗೂ ಕಠಿಣ.

ವೇಗವಾಗಿ ಓಡಿಸಿರೆಂದು ಚಾಲಕನನ್ನು ಅವಸರಪಡಿಸಬೇಡಿ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನ ಒದ್ದೆ ರಸ್ತೆಯಲ್ಲಿ ಜಾರಿ ಮಗುಚಿದ್ದು ನಿಮ್ಮ ಜಿಲ್ಲೆಯವರಿಗೆ ನೆನಪಿರುತ್ತದೆ. ರೋಗಿಗೂ ಜೊತೆಗಿರುವವರಿಗೂ ಬೆಲ್ಟ್ ಇರಬೇಕು. ಸಿಲಿಂಡರನ್ನೂ ಬಿಗಿದು ಕಟ್ಟಿರಬೇಕು.

ಪ್ರಶ್ನೆ: ಆಸ್ಪತ್ರೆಯೊಳಗೇ ವಾರ್ಡಿನಿಂದ ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗಲೂ ಅಪಾಯವಿದೆಯೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ. ಬಹಳ ಸಲ ಅದು ಹೆಸರಿನಿಂದಲೇ ಶುರುವಾಗುತ್ತದೆ. "ನೀವು ಲಕ್ಷ್ಮಮ್ಮನವರಲ್ಲವೆ?" ಎಂದು ಕೇಳಿದರೆ ಕಿವಿ ಮಂದವಾದ ಅಜ್ಜಿ ಸುಮ್ಮನೆ ತಲೆಯಾಡಿಸುತ್ತಾರೆ. "ನಿಮ್ಮ ಹೆಸರೇನು?" ಎಂದು ಕೇಳಿ, ಕೈಪಟ್ಟಿಯಲ್ಲಿರುವ ಸಂಖ್ಯೆಯನ್ನೂ ತಾಳೆ ನೋಡಬೇಕು. ಟ್ರಾಲಿಗೆ ಬದಲಿಸುವಾಗ ಚಕ್ರಗಳ ಬ್ರೇಕ್ ಹಾಕಿರಲಿ. ಮೂತ್ರದ ಚೀಲವನ್ನು ರೋಗಿಯ ಹೊಟ್ಟೆಯ ಮೇಲಿಟ್ಟು ತಳ್ಳಿಕೊಂಡು ಹೋಗುವುದು ನಮ್ಮಲ್ಲಿ ದಿನನಿತ್ಯದ ನೋಟ. ಹಾಗೆ ಮಾಡಿದರೆ ಮೂತ್ರ ಹಿಂದಕ್ಕೆ ಹರಿದು ಸೋಂಕು ತಗಲಬಹುದು.

ಎಂಆರ್‌ಐ ಕೋಣೆಯ ವಿಷಯವೇ ಬೇರೆ. ಅಲ್ಲಿನ ಅಯಸ್ಕಾಂತ ಸ್ಕ್ಯಾನ್ ನಡೆಯದಿದ್ದಾಗಲೂ ಸೆಳೆಯುತ್ತಲೇ ಇರುತ್ತದೆ. 2018ರಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ರೋಗಿಯ ಬಂಧುವೊಬ್ಬರು ಸಿಲಿಂಡರಿನೊಡನೆ ಯಂತ್ರದತ್ತ ಸೆಳೆಯಲ್ಪಟ್ಟು ಸಾವನ್ನಪ್ಪಿದರು. ಸಿಲಿಂಡರ್ ಹಿಡಿದುಕೊಂಡು ಬನ್ನಿ ಎಂದು ಸಿಬ್ಬಂದಿ ನಿಮಗೆ ಹೇಳಿದರೂ ಬಾಗಿಲಲ್ಲೇ ನಿಂತು, ತಂತ್ರಜ್ಞರನ್ನು ಕರೆಸಿ.