ಅದು ಅಚ್ಚಿನ ತಪ್ಪಲ್ಲ, ಮೇಷ್ಟ್ರೇ

ದಾವಣಗೆರೆಯಿಂದ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಇನ್‌ಲ್ಯಾಂಡ್ ಲೆಟರಿನ ಮಡಿಕೆಯನ್ನೂ ಬಿಡದೆ ತುಂಬಿಸಿ ಬರೆದಿದ್ದಾರೆ. "ಹೋದ ಸಂಚಿಕೆಯಲ್ಲಿ ಮಿಶೆಲ್ ಒಬಾಮಾ ಅವರ ಭಾವಚಿತ್ರ ಹಾಕಿದ್ದೀರಿ. ಉಡುಪಿನ ಬಣ್ಣ ಚೆನ್ನಾಗಿ ಬಂದಿದೆ, ಮುಖ, ತೋಳು ಮಾತ್ರ ಬೂದಿ ಬಳಿದ ಹಾಗಿವೆ. ಪ್ರೆಸ್ಸಿನವರು ಕೆಡಿಸಿದರೋ, ಬರೆದಾಕೆಗೇ ಮೈಬಣ್ಣ ಕಲಸಲು ಬರುವುದಿಲ್ಲವೋ? ಹೋಲಿಕೆಯೂ ಅಷ್ಟಕ್ಕಷ್ಟೆ" ಎಂಬುದು ತಕರಾರು.

ಮೇಷ್ಟ್ರೇ, ಪ್ರೂಫ್ ಬಂದ ದಿನ ನಮ್ಮ ಪುಟ ಕಟ್ಟುವ ಹುಡುಗನೂ ಇದನ್ನೇ ಕೇಳಿದ್ದ. ಆ ಬೂದು ಬೇಕೆಂದೇ ಹಚ್ಚಿದ್ದು. ಅದನ್ನು ಬರೆದ ಅಮೆರಿಕದ ಕಲಾವಿದೆ ಏಮಿ ಶೆರಾಲ್ಡ್ ಕಪ್ಪು ಜನರ ಮೈಯನ್ನು ಬರೆಯುವುದೇ ಹೀಗೆ. ಕಪ್ಪಿಗೆ ನೇಪಲ್ಸ್ ಹಳದಿ ಎಂಬ ತಿಳಿಹಳದಿ ಬೆರೆಸಿ ಕಲಸಿದ ಬೂದು ಅದು. ಬರೀ ಕಪ್ಪು, ಬಿಳಿ ಕೂಡಿಸಿದ್ದರೆ ಹೆಣದ ಕಳೆ ಬರುತ್ತಿತ್ತೆಂದು ನಿಮಗೆ ನಾನು ಹೇಳಬೇಕೆ? ಮೊದಮೊದಲು ಕಣ್ಣಿಗೆ ಒಪ್ಪಿತೆಂದಷ್ಟೇ ಹಿಡಿದ ದಾರಿ. ಹಳೆಯ ಕಪ್ಪು-ಬಿಳುಪು ಫೋಟೋಗಳೊಂದಿಗೆ ಅದರ ನಂಟು ಆಮೇಲೆ ಹೊಳೆಯಿತು. ಮ್ಯೂಸಿಯಮ್ಮಿನ ಗೋಡೆಗಳ ಮೇಲೆ ಜಾಗ ಸಿಗದ ಕಾಲದಲ್ಲಿ ಕಪ್ಪು ಕುಟುಂಬಗಳು ಒಳ್ಳೆಯ ಬಟ್ಟೆ ತೊಟ್ಟು, ತಮಗೆ ಬೇಕಾದ ಹಾಗೆ ನಿಂತು ತೆಗೆಸಿಕೊಂಡ ಫೋಟೋಗಳು ಅವು. ಮೈಬಣ್ಣ ತೆಗೆದಿಟ್ಟರೆ ನೋಡುವವರ ಕಣ್ಣು ಚರ್ಮದಲ್ಲೇ ನಿಲ್ಲದೆ ಆ ಮನುಷ್ಯರವರೆಗೂ ಹೋದೀತು.

ಶೆರಾಲ್ಡ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಕೊಲಂಬಸ್‌ನಲ್ಲಿ. ಅಪ್ಪ ಹಲ್ಲಿನ ಡಾಕ್ಟರು. ಮಗಳೂ ಡಾಕ್ಟರಾಗಲಿ ಎಂಬ ಆಸೆ ಅಲ್ಲೂ ಇತ್ತು. ಶಾಲೆಯಿಂದ ಮ್ಯೂಸಿಯಮ್ಮಿಗೆ ಕರೆದೊಯ್ದಾಗ ಬೋ ಬಾರ್ಟ್‌ಲೆಟ್ ಬರೆದ ಚಿತ್ರವೊಂದರಲ್ಲಿ ಕಪ್ಪು ಮನುಷ್ಯನನ್ನು ಕಂಡು ಹುಡುಗಿ ಅಲ್ಲೇ ನಿಂತುಬಿಟ್ಟಳು. 2004ರಲ್ಲಿ ಬಾಲ್ಟಿಮೋರಿನಲ್ಲಿ ಎಂಎಫ್‌ಎ, ಅಂದರೆ ಕಲೆಯ ಸ್ನಾತಕೋತ್ತರ ಪದವಿ. ಅದೇ ಹೊತ್ತಿಗೆ ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಪಂದ್ಯಕ್ಕೆ ತಯಾರಾಗುತ್ತಿದ್ದವರು ಸುಮ್ಮನೆ ತಪಾಸಣೆಗೆ ಹೋದರೆ, ಹೃದಯವೇ ಸೋಲುತ್ತಿದೆ ಎಂದರು ವೈದ್ಯರು. ನಡುವೆ ಮನೆಯವರ ಆರೈಕೆಗೆಂದು ಊರಿಗೆ ಹೋಗಿ ಕೆಲವು ವರ್ಷ ಕುಂಚ ಮುಟ್ಟಲಿಲ್ಲ. 38ರ ವಯಸ್ಸಿನವರೆಗೂ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ. 2012ರ ಡಿಸೆಂಬರಿನಲ್ಲಿ ಹೃದಯ ಕಸಿಯಾಯಿತು. 2016ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ, 25,000 ಡಾಲರ್. ಆ ಬಹುಮಾನ ಹೆಂಗಸಿಗೆ ಬಂದದ್ದು ಅದೇ ಮೊದಲು. ಕೆಂಪು ಟೋಪಿ, ಬಿಳಿ ಕೈಗವಸಿನ ಹುಡುಗಿ ದೊಡ್ಡದೊಂದು ಟೀ ಕಪ್ಪು ಹಿಡಿದ ಚಿತ್ರ.

ಇನ್ನು ಹೋಲಿಕೆಯ ಮಾತು. ಇದರಲ್ಲಿ ನಾನೂ ಅರ್ಧ ನಿಮ್ಮ ಕಡೆಯೇ. 2018ರ ಫೆಬ್ರವರಿಯಲ್ಲಿ ಪರದೆ ಸರಿಸಿದ ದಿನ ಅಮೆರಿಕದಲ್ಲೂ ಇದೇ ಗೊಣಗು ಎದ್ದಿತ್ತು. ಆರಡಿ ಎತ್ತರದ ಕ್ಯಾನ್ವಾಸಿನಲ್ಲಿ ಮುಖಕ್ಕಿಂತ ಉಡುಪೇ ಹೆಚ್ಚು ಜಾಗ ಹಿಡಿದಿದೆ. ಅದರ ಪಟ್ಟೆ, ಚೌಕಗಳು ಶೆರಾಲ್ಡ್‌ಗೆ ಅಲಬಾಮಾದ ಜೀಸ್ ಬೆಂಡ್ ಎಂಬಲ್ಲಿ ಕಪ್ಪು ಹೆಂಗಸರು ಹೊಲಿದ ಕೌದಿಗಳನ್ನು ನೆನಪಿಸಿದವಂತೆ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕೌದಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀವು ಮುಖ ಹುಡುಕಿದಿರಿ, ಆಕೆ ಉಡುಪಿನ ಮೂಲಕ ಮನೆತನ ಹೇಳುತ್ತಿದ್ದರು. ಎರಡು ವರ್ಷದ ಮಗುವೊಂದು ಇದೇ ಚಿತ್ರದ ಮುಂದೆ ಬಾಯಿ ತೆರೆದು ನಿಂತ ಫೋಟೋ ಲೋಕವೆಲ್ಲ ಸುತ್ತಿತು. ರಾಣಿ ಎಂದುಕೊಂಡಿತ್ತಂತೆ ಮಗು.

ಬೂದು ಯಾಕೆ ಎಂಬುದಕ್ಕೆ ಇನ್ನೊಂದು ಚಿತ್ರ ನೋಡಿ. ಅಮೆರಿಕದ ಲೂಯಿವಿಲ್‌ನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ 26ರ ಕಪ್ಪು ಯುವತಿ ಬ್ರಿಯೋನಾ ಟೇಲರ್ ಅವರದು, 2020ರಲ್ಲಿ ಬರೆದದ್ದು. ಹಸಿರುಗೂಡಿದ ನೀಲಿ ಉಡುಪು, ಅದೇ ನೀಲಿಯ ಹಿನ್ನೆಲೆ, ಬೂದು ಕೈ. ಬೆರಳಲ್ಲಿ ಉಂಗುರ: ಮದುವೆಯ ಮಾತೆತ್ತಬೇಕೆಂದಿದ್ದ ಗೆಳೆಯ ಆಕೆಗೆ ತೊಡಿಸಲಾಗದೇ ಹೋದದ್ದು. ಮುಂದಿನ ಸಂಚಿಕೆಯಲ್ಲಿ ಅದನ್ನು ಪೂರ್ತಿ ಪುಟಕ್ಕೆ ಹಾಕುತ್ತೇವೆ.

ಅಂದಹಾಗೆ, ಮಿಶೆಲ್ ಅವರ ಹಿಂದಿನ ತಿಳಿನೀಲಿ ನಮ್ಮ ಪ್ರತಿಗಳಲ್ಲಿ ಹಸಿರಿಗೆ ತಿರುಗಿತ್ತು. ನಲವತ್ತು ವರ್ಷ ಬಣ್ಣ ಕಲಿಸಿದ ನೀವು ಅದನ್ನು ಗಮನಿಸಲಿಲ್ಲ. ಅದು ಮಾತ್ರ ಪ್ರೆಸ್ಸಿನ ತಪ್ಪೇ.

– ಸಂಪಾದಕ